ಮೂರು ಜನರಿಗೆ ಜಾಗವಿದ್ದ ಜರ್ಮನ್ ಗಾಡಿ

ನಿಟ್ಟುವಳ್ಳಿ, ದಾವಣಗೆರೆ
೩೦-೧೦-೧೯೫೮

ಚಿ|| ಸೌ|| ದ್ರಾಕ್ಷಾಯಣಿಗೆ ನಿನ್ನ ತಂದೆ ಬಕ್ಕೇಶಪ್ಪನ ಆಶೀರ್ವಾದಗಳು.

ಇಲ್ಲಿ ನಿಮ್ಮವ್ವನ ಮಂಡಿನೋವು ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಕ್ಷೇಮ. ಅಳಿಯಂದಿರು, ಬೀಗರು, ಬೀಗಿತ್ತಿಯವರು ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ. ನಿನ್ನ ಕಾಗದ ನವರಾತ್ರಿಗೆ ಮೊದಲೇ ಬಂದಿತ್ತು. ಹರಿಹರವೇನು ಕಾಶಿಯೇ, ಒಂದು ಉತ್ತರ ಬರೆಯಲು ಇಷ್ಟು ದಿನ ಬೇಕೇ ಎಂದು ನೀನು ಮುಖ ಊದಿಸಿಕೊಂಡಿರುತ್ತೀ. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಗಿರಣಿಯಿಂದ ಬಂದವನೇ ತಗಡು, ಬೆಸುಗೆ, ಬಣ್ಣ ಅಂತ ಕೂತುಬಿಡುತ್ತಿದ್ದೆ. ಲೇಖನಿ ಹಿಡಿಯುವಷ್ಟು ಕೈ ಶುದ್ಧವಾಗಿದ್ದ ದಿನವೇ ಇರಲಿಲ್ಲ.

"ಅಪ್ಪಾಜಿ, ಆ ಜರ್ಮನ್ ಗಾಡಿ ಮಾಡೋದು ಬಿಟ್ಟುಬಿಡ್ರಿ. ದಸರಾ ಪ್ರದರ್ಶನದಾಗ ಅದನ್ನ ಇಡಬ್ಯಾಡ್ರಿ. ಮಿಲಿಟರಿ ಮಾತು ಯಾರ ಮುಂದೂ ತೆಗೀಬ್ಯಾಡ್ರಿ" ಎಂದು ಬರೆದಿದ್ದೀ. ಬಿಡಲಿಲ್ಲ. ಇಟ್ಟೆ. ತೆಗೆದೆ. ಇನ್ನು ವಿವರವಾಗಿ ಕೇಳು.

ಗಾಡಿ ಎಂದರೆ ಯಾವುದು ಎಂದು ನಿನಗೆ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ಅದು ಅರ್ಧ ಲಾರಿ, ಅರ್ಧ ಟ್ಯಾಂಕು. ಮುಂದೆ ಎರಡು ರಬ್ಬರ್ ಚಕ್ರ, ಹಿಂದೆ ಟ್ಯಾಂಕಿಗೆ ಇರುವಂತೆ ಉಕ್ಕಿನ ಪಟ್ಟಿ. ಮೈಯೆಲ್ಲ ದಪ್ಪ ಉಕ್ಕಿನ ಹಲಗೆ, ಮೇಲೆ ಮುಚ್ಚಳವಿಲ್ಲ. ಜರ್ಮನ್ನರು ಅದರಲ್ಲಿ ಸೈನಿಕರನ್ನು ತುಂಬಿಕೊಂಡು ಮರಳಿನಲ್ಲಿ ಓಡಾಡುತ್ತಿದ್ದರು. ಒಂದು ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ಅದನ್ನೇ ಮಾಡಿದ್ದೇನೆ. ಒಂದೂವರೆ ಅಡಿಗಿಂತ ತುಸು ಉದ್ದ ಬಂದಿದೆ.

ನನ್ನ ಹತ್ತಿರ ಪಟವಿಲ್ಲ, ನಕ್ಷೆಯಿಲ್ಲ. ಅಳತೆ ಎಂದು ಇದ್ದದ್ದು ನನ್ನ ಮೈ ಒಂದೇ. ಆ ಗಾಡಿಯ ಕೆಳಗೆ ಮಲಗಿದವನು ನಾನು. ತಲೆ ಎಲ್ಲಿತ್ತು, ಪಾದ ಎಲ್ಲಿಗೆ ಬರುತ್ತಿತ್ತು, ಮಗ್ಗುಲಾದರೆ ಭುಜ ಯಾವ ಕಬ್ಬಿಣಕ್ಕೆ ತಗಲುತ್ತಿತ್ತು ಎಲ್ಲ ನೆನಪಿದೆ. ಹಾಗಾಗಿ ಅಂಗಳದಲ್ಲಿ ಉದ್ದಕ್ಕೆ ಮಲಗಿದೆ. ನಿಮ್ಮವ್ವ ಬೈದುಕೊಂಡೇ ರಂಗೋಲಿ ಪುಡಿ ತಂದು ನಾನು ಹೇಳಿದ ಕಡೆಯೆಲ್ಲ ಗೆರೆ ಎಳೆದಳು. ಎದ್ದು, ಪಾದವಿದ್ದ ಕಡೆ ತಲೆಯಿಟ್ಟು ಮತ್ತೆ ಮಲಗಿದೆ. ಹೀಗೆ ಅಂಗಳದ ತುಂಬಾ ಜರ್ಮನ್ ಗಾಡಿಯ ರಂಗೋಲಿಯಾಯಿತು. ಎದುರು ಮನೆ ಉಡಚಮ್ಮ ಬಿಂದಿಗೆ ಹೊತ್ತು ಹೋಗುವವಳು ನಿಂತು, "ಇದ್ಯಾವ ದೇವ್ರ ಮಂಡಲ ಗುರುಶಾಂತಮ್ಮಾ, ತುಳೀಬೌದಾ?" ಎಂದು ಕೇಳಿದಳು. "ನಮ್ಮನಿಯವ್ರ ಹುಚ್ಚಿನ ಮಂಡಲ ಕಣವ್ವಾ, ಆರಾಮಾಗಿ ತುಳಿ" ಎಂದಳು ನಿಮ್ಮವ್ವ. ಆದರೆ ಅಳತೆಯನ್ನು ನಾನು ದಾರದಲ್ಲಿ ತೆಗೆದುಕೊಳ್ಳುವವರೆಗೂ ಕಸ ಗುಡಿಸಲಿಲ್ಲ ನೋಡು, ಅದು ಅವಳ ಗುಣ.

ತಗಡಿನ ಕೆಲಸವೆಲ್ಲ ಕುತುಬುದ್ದೀನನದು. ಮಂಡಿಪೇಟೆಯ ಹತ್ತಿರ ಡಬ್ಬಿ, ಲಾಟೀನು ರಿಪೇರಿ ಮಾಡುತ್ತಾನಲ್ಲ, ಅವನೇ. ವನಸ್ಪತಿ ಡಬ್ಬಿಗಳನ್ನು ಕತ್ತರಿಸಿ ಮೈ ಕಟ್ಟಿದ. ಚಕ್ರಗಳಿಗೆ ನಮ್ಮ ಗಿರಣಿಯಲ್ಲಿ ಬಿಸಾಡಿದ, ನೂಲು ಸುತ್ತುವ ಬಾಬಿನ್ನಿನ ತಲೆಗಳು, ಹಿಂದಿನ ಪಟ್ಟಿಗೆ ಹಳೇ ಸೈಕಲ್ ಚೈನು. ನಾನು ಹಿಂದಿನ ಚಕ್ರಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೆ. ಕುತುಬುದ್ದೀನ್ ನೋಡಿದವನೇ, "ಅರೆ ಬಕ್ಕೇಶಿ, ಎತ್ತಿನ ಗಾಡಿ ಮಾಡಾಕತ್ತೀಯೇನ? ಅವು ಒಂದರ ಮ್ಯಾಲೊಂದು ಕೂತಿದ್ವು, ವೀಳ್ಯದೆಲಿ ಕಟ್ಟಿನಂಗ" ಎಂದು ಎಲ್ಲವನ್ನೂ ಕಿತ್ತುಹಾಕಿಸಿದ. ಅವನೂ ಆ ಗಾಡಿಯ ಕೆಳಗೆ ನನ್ನ ಪಕ್ಕದಲ್ಲೇ ಮಲಗಿದ್ದವನು. ಜಗಳ ಮಾಡಿ ಗೆದ್ದ, ಸರಿಯಾಗಿಯೇ ಗೆದ್ದ.

ಆಯುಧಪೂಜೆಯ ಬೆಳಿಗ್ಗೆ ಒಂದು ಅನಾಹುತವಾಯಿತು. ನಿಮ್ಮವ್ವನಿಗೆ ಅದು ಎಷ್ಟಾದರೂ ವಾಹನವೇ ತಾನೇ. ವಿಭೂತಿ ಬಳಿದಳು, ಕುಂಕುಮ ಇಟ್ಟಳು, ಸೇವಂತಿಗೆ ಹಾರ ಹಾಕಿದಳು. ನಾನು ಸ್ನಾನಕ್ಕೆ ಹೋದಾಗ ಲಾರಿಗೆ ಇಟ್ಟ ಹಾಗೆ ಮುಂದಿನ ಎರಡೂ ಚಕ್ರದ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟು ಹಿಂದಿನಿಂದ ನೂಕಿದ್ದಾಳೆ. ಚಕ್ರದ ಅರ್ಧದಷ್ಟು ಎತ್ತರದ ಹಣ್ಣು ಅದು! ಹಣ್ಣಿಗೆ ಏನೂ ಆಗಲಿಲ್ಲ, ಗಾಡಿಯ ಅಚ್ಚು ಕಿತ್ತು ಬಂತು. "ಇಂಗ್ಲಿಷಿನೋರ ಬಾಂಬಿಗೆ ಜಗ್ಗದ ಗಾಡಿ ನಿನ್ ನಿಂಬಿಹಣ್ಣಿಗೆ ಬಿತ್ತಲ್ಲೇ" ಅಂದೆ. ಅವಳು ಅಳುವುದೋ ನಗುವುದೋ ತಿಳಿಯದೆ ನಿಂತಳು. ಕುತುಬುದ್ದೀನ್ ಕೆಂಡದ ಅಗ್ಗಿಷ್ಟಿಕೆ ಸಮೇತ ಓಡಿಬಂದು ಬೆಸುಗೆ ಹಾಕಿದ. ಸಂಜೆಗೆ ಗಾಡಿಯನ್ನು ಹೆಗಲ ಮೇಲಿಟ್ಟುಕೊಂಡು ಕೆ.ಬಿ. ಬಡಾವಣೆಗೆ ನಡೆದೆವು. ಅಲ್ಲಿನ ಒಂದು ಶಾಲೆಯಲ್ಲಿ ಪ್ರದರ್ಶನ.

ಪ್ರದರ್ಶನ ಸಮಿತಿಯ ಯಜಮಾನರು ಕಲ್ಲೇಶಪ್ಪನವರು. ಗಾಡಿ ನೋಡಿ ಬಹಳ ಹೊಗಳಿದರು. ಆಮೇಲೆ ನನ್ನನ್ನು ಬದಿಗೆ ಕರೆದು, "ಬಕ್ಕೇಶಪ್ಪಾರೇ, ಕೇಳಿದೋರಿಗೆ ಸೈನಿಕ ಇದ್ದೆ ಅನ್ರಿ, ಸಾಕು. ಅಡಿಗಿ ಮಾಡ್ತಿದ್ದೆ, ಸಾಬರ ಜತಿ ಒಂದೇ ಗಂಗಾಳದಾಗ ಉಂಡೆ, ಇವೆಲ್ಲ ನಮ್ಮ ಮಂದಿ ಮುಂದ ಯಾಕ ಬೇಕು? ಕೊರಳಾಗ ಲಿಂಗ ಐತೆ ನಿಮಗ" ಅಂದರು. ನನಗೆ ರೇಗಿತು. "ಲಿಂಗ ಅಲ್ಲೂ ಕೊರಳಾಗೇ ಇತ್ರೀ. ನಾನು ಬಾಯಿಗೆ ಮಾಂಸ ಇಟ್ಟೋನಲ್ಲ. ಆದ್ರ ಬೇಯಿಸೀನಿ, ಬಡಿಸೀನಿ. ಬಂದೂಕು ಹಿಡಿದೋರಿಗೆ ಹೊಟ್ಟಿ ಹಸೀತಿರಲಿಲ್ಲೇನ್ರಿ?" ಎಂದು ಕೇಳಿದೆ. ಅವರು ರುಮಾಲು ಸರಿಮಾಡಿಕೊಂಡು ಹೋದರು.

ಆಮೇಲೆ ನಾನು ಗಾಡಿಯ ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ಹೇಳಿದೆ. ಹುಡುಗರಿಗೆ, ಮೇಷ್ಟರಿಗೆ, ಹತ್ತಿ ವ್ಯಾಪಾರಿಗಳಿಗೆ, ನಮ್ಮ ಗಿರಣಿಯವರಿಗೆ. "ನಾನು ಮಿಲಿಟರಿ ಅಡಿಗೆಯವನು. ಇದನ್ನು ಲಿಬಿಯಾ ದೇಶದ ಮರಳಿನಲ್ಲಿ ನೋಡಿದೆ" ಎಂದು ಗಟ್ಟಿಯಾಗಿಯೇ ಹೇಳಿದೆ. ಕೆಲವರು ನಕ್ಕರು. "ಶತ್ರು ಗಾಡಿ ಯಾಕ ಮಾಡೀರಿ, ನಮ್ಮದು ಮಾಡಬೇಕಿತ್ತು" ಎಂದರು ಒಬ್ಬರು. ನಮ್ಮ ಲಾರಿಗಳನ್ನು ಪೂನಾ ರಸ್ತೆಗೆ ಹೋದರೆ ದಿನಾ ನೋಡಬಹುದು, ಇದರ ಕೆಳಗೆ ನಡೆದದ್ದನ್ನು ಹೇಳುವವರು ಈ ಊರಲ್ಲಿ ಇಬ್ಬರೇ ಇದ್ದೇವೆ ಅಂದೆ.

ಅಲ್ಲಿ ನಡೆದದ್ದನ್ನು ನಿನಗೂ ನಾನು ಸರಿಯಾಗಿ ಹೇಳಿಲ್ಲ. ಈಗ ಓದು. ನಲವತ್ತೆರಡನೇ ಇಸವಿಯಲ್ಲಿ ಟೊಬ್ರುಕ್ ಕೋಟೆ ಬಿದ್ದಾಗ ಜರ್ಮನ್ನರು ನಮ್ಮನ್ನೆಲ್ಲ ಸೆರೆ ಹಿಡಿದರು. ಅಡಿಗೆಯವರು ನಾವು ಮೂವರು: ನಾನು, ಕುತುಬುದ್ದೀನ್, ಕೊಕ್ಕನೂರಿನ ಪಾಲಯ್ಯ. ಸೆರೆಯಾಳುಗಳಿಗೆ ಬೇಯಿಸಿ ಹಾಕಲು ನಮ್ಮನ್ನು ಇಟ್ಟುಕೊಂಡು, ನಮ್ಮ ಹಂಡೆ, ಸೌಟು ಎಲ್ಲವನ್ನೂ ಈ ಗಾಡಿಯಲ್ಲಿ ಹೇರಿದರು. ಹಗಲು ಅದರ ನೆರಳು, ಇರುಳು ಅದರ ಕೆಳಗೆ ನಿದ್ದೆ. ಒಂದು ಮಧ್ಯಾಹ್ನ ನಮ್ಮ ಕಡೆಯ ಇಂಗ್ಲಿಷರದೇ ವಿಮಾನ ಬಂತು. ಜರ್ಮನ್ ಡ್ರೈವರು ಕೂಗಿ ಕೈ ಬೀಸಿದ, ಮೂವರೂ ಗಾಡಿಯ ಕೆಳಗೆ ನುಗ್ಗಿದೆವು. ಒಲೆ ಹೊರಗೆ ಉರಿಯುತ್ತಿತ್ತು, ಸೆರೆಯಾಳುಗಳು ಅದರ ಸುತ್ತ ಕೂತಿದ್ದರು. "ಹೊಗಿ ನೋಡೇ ಬರಾಕತ್ತೈತೆ, ಅವ್ರೆಲ್ಲ ಸಾಯ್ತಾರೆ" ಎಂದ ಪಾಲಯ್ಯ. ನಾವು ಅವನ ಅಂಗಿ ಹಿಡಿದೆವು. ಕಿತ್ತುಕೊಂಡು ಹೋಗಿ ಎರಡೂ ಕೈಯಲ್ಲಿ ಮರಳು ಬಾಚಿ ಒಲೆಯ ಮೇಲೆ ಸುರಿದ. ಒಲೆ ಆರಿತು. ವಿಮಾನ ಆಗಲೇ ತಲೆಯ ಮೇಲೆ ಬಂದಿತ್ತು. ಪಾಲಯ್ಯ ಮತ್ತೆ ಏಳಲಿಲ್ಲ.

ಅಡಿಗೆಯವನು ಎಂಬ ಒಂದೇ ಕಾರಣಕ್ಕೆ ಊರವರು ಅವನನ್ನು ಯುದ್ಧದಲ್ಲಿ ಸತ್ತವನೆಂದು ಎಣಿಸುವುದೇ ಇಲ್ಲ. ಜ್ವರ ಬಂದು ಸತ್ತನಂತೆ ಎನ್ನುತ್ತಾರೆ. ಅದಕ್ಕೇ ಮಾಡಿದೆ ಈ ಗಾಡಿ. ನನ್ನ ಶೌರ್ಯ ತೋರಿಸಲು ಅಲ್ಲ ತಾಯಿ. ನನ್ನದೇನು, ಕೆಳಗೆ ಮಲಗಿ ಬದುಕಿ ಬಂದವನು.

ಪ್ರದರ್ಶನದ ಮೂರನೇ ದಿನ ಪಾಲಯ್ಯನ ತಾಯಿ ಅಂಜಿನವ್ವ ಕೊಕ್ಕನೂರಿನಿಂದ ಬಂದಳು. ಕುತುಬುದ್ದೀನನೇ ಹೋಗಿ ಕರೆತಂದಿದ್ದ. ಕಣ್ಣು ಮಂಜಾಗಿದೆ. ಗಾಡಿಯನ್ನು ಕೈಯಲ್ಲಿ ತಡವಿ ತಡವಿ ನೋಡಿದಳು. ಹೊಟ್ಟೆಯ ಕೆಳಗೆ ಬೆರಳು ತೂರಿಸಿ, "ಇದ್ರ ಕೆಳಗ ನಿಮ್ಮಿಬ್ರಿಗೆ ಜಾಗ ಇತ್ತು, ನನ್ ಮಗನಿಗೆ ಇರಲಿಲ್ಲೇನಪ್ಪಾ?" ಎಂದು ಕೇಳಿದಳು. "ಇತ್ತವ್ವಾ, ಮೂರು ಮಂದಿಗೂ ಇತ್ತು. ಮಂದೀನ ಉಳಿಸಾಕ ಒಲಿ ಆರಿಸಾಕ ಹೋದ" ಅಂದೆ. ಅವಳು ಗಾಡಿಯ ಕೆಳಗಿನಿಂದ ಬೆರಳು ತೆಗೆದು, "ಜ್ವರ ಅಲ್ಲ ಹಂಗಾದ್ರ" ಎಂದಳು. ಹೋಗುವಾಗ ಕಲ್ಲೇಶಪ್ಪನವರೇ ಜಟಕಾದವರೆಗೆ ಅವಳ ಕೈ ಹಿಡಿದು ಕರೆದುಕೊಂಡು ಹೋದರು. ಆ ಮನುಷ್ಯನ ಮೇಲಿದ್ದ ಸಿಟ್ಟು ನನಗೆ ಅಲ್ಲಿಗೆ ಅರ್ಧ ಇಳಿಯಿತು.

ಈಗ ಹೇಳು, ನಾನು ಯಾಕೆ ಬಿಡಬೇಕಿತ್ತು? ಜನ ನಗುತ್ತಾರೆ ಎಂಬ ಹೆದರಿಕೆ ನಿನಗೆ. ನಗಲಿ. ನಕ್ಕವರ ಹಲ್ಲು ಕಾಣುತ್ತದೆ, ನನ್ನದೇನೂ ಹೋಗುವುದಿಲ್ಲ.

ನಿಮ್ಮವ್ವ ನಿನಗಾಗಿ ಸಜ್ಜಿಗೆ ಹೋಳಿಗೆ ಕಟ್ಟಿಟ್ಟಿದ್ದಾಳೆ, ಬರುವವರ ಕೈಯಲ್ಲಿ ಕಳಿಸುತ್ತಾಳೆ. ಚಳಿ ಶುರುವಾಗಿದೆ, ಬೆಳಿಗ್ಗೆ ಹೊಳೆಗೆ ಹೋಗುವುದಾದರೆ ಸೆರಗು ಹೊದ್ದುಕೊಂಡು ಹೋಗು. ಅಳಿಯಂದಿರಿಗೆ ಆಶೀರ್ವಾದ. ಹರಿಹರೇಶ್ವರ ನಿನ್ನ ಬಾಳನ್ನು ತಂಪಾಗಿಟ್ಟಿರಲಿ.

ಇಂತಿ ನಿನ್ನ ತಂದೆ,
ಬಕ್ಕೇಶಪ್ಪ

ವಿ. ಸೂ.: ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಬಂದವರಿಗೆಲ್ಲ ಹೇಳಿದೆ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಒಬ್ಬರಿಗೆ ಹೇಳಲಿಲ್ಲ.

ಕೊನೆಯ ದಿನ ನಿನ್ನ ಮಾವ ಶಿವಮೂರ್ತಪ್ಪನವರು ಬಂದಿದ್ದರು. ಗಾಡಿಯನ್ನು ಸುತ್ತಲೂ ನೋಡಿ, "ಬೀಗ್ರೇ, ಭಾಳ ಚಂದ ಮಾಡೀರಿ. ಆದ್ರ ನೀವು ಬೆಂಗಳೂರಿನ ಮಿಲಿಟರಿ ಆಫೀಸಿನಾಗ ಗುಮಾಸ್ತರಾಗಿದ್ರಿ, ಸಮುದ್ರ ದಾಟೇ ಇಲ್ಲ ಅಂತ ನಮ್ಮ ಸೊಸಿ ಹೇಳಿದ್ಲಲ್ಲ. ಇದನ್ನ ಎಲ್ಲಿ ನೋಡಿದ್ರಿ?" ಎಂದು ಕೇಳಿದರು. ಕುಹಕವಿರಲಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ನಿನ್ನ ಕಾಗದದ ಅರ್ಥ ನನಗೆ ಆಗ ಆಯಿತು.

"ಸಾಹೇಬರ ಮೇಜಿನ ಮ್ಯಾಲೆ ಒಂದು ಚಿತ್ರ ಇತ್ರಿ, ಅದನ್ನ ನೋಡಿ ಮಾಡಿದೆ" ಅಂದೆ. ಕುತುಬುದ್ದೀನ್ ಪಕ್ಕದಲ್ಲೇ ನಿಂತಿದ್ದ. ಅವರು ಅವನ ಕಡೆ ತಿರುಗಿದರು. ಅವನು ನನ್ನ ಮುಖ ನೋಡಿ, "ಹೌದ್ರೀ, ನಾನೂ ಚಿತ್ರಾನೇ ನೋಡಿದ್ದು" ಅಂದ.

ಬೇರೆಯವರ ಒಲೆ ಊದಿದ್ದಕ್ಕೆ ನಾನು ಎಂದೂ ನಾಚಿದವನಲ್ಲ. ನನ್ನ ಮಗಳು ನಾಚಿದ್ದಾಳೆ ಎಂದು ತಿಳಿದು ಬಹಳ ನೋವಾಯಿತು, ದ್ರಾಕ್ಷಾಯಣಿ. ನಿನ್ನ ಬಾಳಿಗಾಗಿ ಆ ಸುಳ್ಳನ್ನು ಒಂದು ಸಲ ಆಡಿದೆ. ಇನ್ನೊಂದು ಸಲ ಆಡುವುದಿಲ್ಲ. ದೀಪಾವಳಿಗೆ ಕರೆಯಲು ನಾನೇ ಹರಿಹರಕ್ಕೆ ಬರುತ್ತೇನೆ, ಕುತುಬುದ್ದೀನನೂ ಜೊತೆಗೆ ಬರುತ್ತಾನೆ. ಅಷ್ಟರೊಳಗೆ ನಿಜವನ್ನು ನಿನ್ನ ಮನೆಯವರಿಗೆ ನೀನೇ ಹೇಳಿಬಿಡು. ಹೇಳದಿದ್ದರೆ ಪಡಸಾಲೆಯಲ್ಲಿ ನಿಂತು ನಾನು ಹೇಳುತ್ತೇನೆ, ಅದನ್ನೆಲ್ಲ ಕೇಳಿದ ಮೇಲೆ ನಮ್ಮಿಬ್ಬರಿಗೂ ಅವರು ನೀರು ಕೊಟ್ಟರೆ ಮಾತ್ರ ಕುಡಿಯುತ್ತೇನೆ.