ಬಿತ್ತನೆ ರಾಗಿಯೊಳಗೆ ನಲವತ್ತು ಕತೆ

ಅತ್ತೆ,

ನೀನು ಹೋಗಿ ಐದು ತಿಂಗಳಾಯಿತು, ಇದನ್ನು ಓದುವುದಿಲ್ಲ. ಇದ್ದಾಗಲೂ ನಿನಗೆ ಓದು ಬರುತ್ತಿರಲಿಲ್ಲ ಬಿಡು. ಆದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದೀತು. ನಿನ್ನ ಕತೆಗಳು ಸಿಕ್ಕಿದವು!

ನೀನು ಹೇಳಿ ನಾನು ರೆಕಾರ್ಡ್ ಮಾಡಿಕೊಂಡಿದ್ದ ನಲವತ್ತು ಕತೆಯೂ ನನ್ನ ಕಂಪ್ಯೂಟರಿನಲ್ಲಿದ್ದವು. ಹೋದ ತಿಂಗಳು ಅದರ ಹಾರ್ಡ್‌ಡಿಸ್ಕ್ ಕೆಟ್ಟಿತು. ನಂಜನಗೂಡಿನ ರಿಪೇರಿಯವನು, "ಏನೂ ಉಳ್ದಿಲ್ಲ ಸಾ" ಅಂದುಬಿಟ್ಟ.

ಇವತ್ತು ಬೆಳಿಗ್ಗೆ ಬನ್ನೂರಿನಿಂದ ನಿನ್ನ ತಂಗಿ ಇಂದ್ರಾಣಿಯ ಫೋನು. "ಬಿತ್ತನೆ ರಾಗಿ ಮಡಕೆ ಬಿಚ್ಚುದ್ರೆ ನಿನ್ ಪೆನ್‌ಡ್ರೈವ್ ಐತೆ ಕಣ್ಲಾ! ನಮ್ಮಕ್ಕ ಮಡಗವ್ಳೆ!"

ಬೀಜವೆಲ್ಲ ಒಂದೇ ಮನೆಯಲ್ಲಿದ್ದರೆ ಹುಳ ಬಿದ್ದೀತೆಂದು ನೀನು ಪ್ರತಿ ವರ್ಷ ಅರ್ಧ ರಾಗಿಯನ್ನು ಅವಳ ಮನೆಯಲ್ಲಿಡುತ್ತಿದ್ದೆ. ಕತೆಗೂ ಹಾಗೇ ಮಾಡು ಅಂದೆ ನೀನು. ರೆಕಾರ್ಡಿಂಗ್ ಮುಗಿದ ದಿನ ನಾನು ನಗುತ್ತಲೇ ಒಂದು ಪೆನ್‌ಡ್ರೈವಿಗೆ ತುಂಬಿ ನಿನ್ನ ಕೈಗಿಟ್ಟು ಮರೆತೆ.

ಬಸ್ಸು ಹಿಡಿದು ಓಡಿದೆ. ರಾಗಿ ದೂಳು ಊದಿ, ಇಂದ್ರಾಣಿಯ ಮಗಳ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ನಲವತ್ತೂ ಇವೆ ಅತ್ತೆ! ನಾವು ಕೂಗಿಕೊಂಡದ್ದಕ್ಕೆ ಪಕ್ಕದ ಮನೆಯವರೇ ಓಡಿಬಂದರು.

ಕೊನೆಯ ಕತೆ ಮುಗಿದ ಮೇಲೂ ನಿನ್ನ ದನಿ ಇದೆ. "ಕತೆ ಮುಗ್ದೋದೊ. ನಾಳೀಕೂ ಬತ್ತೀಯೇನ್ಲಾ, ಸುಮ್ನೆ ಕೂತ್ಕಳಕೆ?"

ಆಮೇಲೆ ನನ್ನದು. "ಒಸ ಕತೆ ಗ್ಯಾಪ್ಕ ಬಂದ್ರೆ ಫೋನ್ ಮಾಡು ಅತ್ತೆ, ಬತ್ತೀನಿ."

ಮೂರು ಪೆನ್‌ಡ್ರೈವಿಗೆ ಹಾಕಿದ್ದೇನೆ. ಒಂದು ನನ್ನ ಹತ್ತಿರ, ಒಂದು ಹುಲ್ಲಹಳ್ಳಿಯ ನಿನ್ನ ಮನೆಗೆ, ಇನ್ನೊಂದು ಬನ್ನೂರಿನ ಮಡಕೆಗೇ. ಆ ಎರಡು ಮಾತನ್ನು ಮೂರರಲ್ಲೂ ಕತ್ತರಿಸದೆ ಉಳಿಸಿದ್ದೇನೆ.

ನಾಳೆ ಮತ್ತೆ ಬನ್ನೂರಿಗೆ ಹೋಗುತ್ತೇನೆ, ಸುಮ್ನೆ ಕೂತ್ಕಳಕೆ. ಇಂದ್ರಾಣಿಯ ಹತ್ತಿರ ಕತೆಯೇನೂ ಇಲ್ಲ.