ಅಕ್ಕನಿಗೆ ಕೊಟ್ಟದ್ದೇ ತಂಗಿಗೂ

ಗ್ರೋಶೇರ್ ದ್ವೀಪ
ಶುಭ ಶುಕ್ರವಾರ, 1 ಏಪ್ರಿಲ್ 1983

ಪ್ರೀತಿಯ ತಂಗಿ ಡಾಗ್ನಿಗೆ,

ಕರ್ತನ ಸಮಾಧಾನ ನಿನ್ನ ಜೊತೆಗಿರಲಿ. ಇವತ್ತು ಉಪವಾಸ. ಅಮ್ಮ ಮಾಡುತ್ತಿದ್ದ ಹಾಗೇ ಸಂಜೆ ಧರ್ಮಪ್ರಸಂಗ ಓದಿ ಮುಗಿಸುವವರೆಗೆ ನೀರು ಬಿಟ್ಟು ಏನೂ ಇಲ್ಲ. ಕಾಫಿಯೂ ಇಲ್ಲ, ಕಷ್ಟ ಅದೊಂದೇ. ಬೆಳಿಗ್ಗೆ ಒಲೆಯ ಬೂದಿ ತೆಗೆದೆ, ಕೋಳಿಗಳಿಗೆ ಕಾಳು ಹಾಕಿದೆ, ಅಪ್ಪನ ಮೈ ಒರೆಸಿ ಹಾಸಿಗೆ ಬದಲಾಯಿಸಿದೆ. ಸೂಜಿ ದಾರ ಮುಟ್ಟುವ ದಿನವಲ್ಲ. ಪತ್ರ ಬರೆಯುವುದು ಕೆಲಸದ ಲೆಕ್ಕಕ್ಕೆ ಬರಲಾರದು ಎಂದುಕೊಂಡು ಕೂತಿದ್ದೇನೆ. ನಿನ್ನ ಭಾವ ಟೂರೆ ನನ್ನ ಎದುರಿಗೇ ಕಾಫಿ ಕುದಿಸಿಕೊಂಡು, "ನನ್ನ ಪಾಲಿಂದೂ ಸೇರಿಸಿ ನೀನೇ ಉಪವಾಸ ಮಾಡ್ಬಿಡು ಮಾರಾಯ್ತಿ" ಎಂದು ಹೇಳಿ ದೋಣಿಮನೆಗೆ ಹೋದರು.

ಗೋಥೆನ್‌ಬರ್ಗ್‌ನ ಹಲ್ಲಿನ ಕ್ಲಿನಿಕ್ಕಿನಿಂದ ಬಂದ ದಿನವೇ ಬರೆಯುತ್ತೇನೆಂದು ನಿನಗೆ ಮಾತು ಕೊಟ್ಟಿದ್ದೆ. ಎರಡು ವಾರವಾಯಿತು. ನೀನು ಬೊರೋಸ್‌ನಲ್ಲಿ ದಿನವಿಡೀ ಅಂಗಿ ಹೊಲಿದು ಬಂದು ಖಾಲಿ ಅಂಚೆ ಡಬ್ಬಿ ನೋಡುತ್ತಿದ್ದೀಯ ಎಂದು ಗೊತ್ತು. ಕ್ಷಮಿಸು. ಬರೆಯಲು ಶುರು ಮಾಡುವುದು, ಒಲೆಗೆ ಹಾಕುವುದು, ಇದೇ ಆಯಿತು. ಯಾಕೆಂದು ಆಮೇಲೆ ಹೇಳುತ್ತೇನೆ.

ನೀನು ಹೇಳಿದ್ದು ಮರೆತಿಲ್ಲ. "ಅಕ್ಕಾ, ಹೊಸದರಲ್ಲಿ ಎಲ್ಲಾ ಗಟ್ಟಿಯಾಗೇ ಇರುತ್ತೆ. ಹತ್ತು ವರ್ಷ ಆದ್ಮೇಲೂ ಆ ತಿರುಪುಗಳು ನಿನ್ನ ದವಡೇಲಿ ನಿಂತಿದ್ರೆ ಹೇಳು. ಆಮೇಲೆ ನಾನು ಬಾಯಿ ತೆರೀತೀನಿ" ಎಂದಿದ್ದೆ. ಹತ್ತು ವರ್ಷ ಆಯಿತು. ಸಿಹಿ ಸವರದೆ ಇದ್ದದ್ದನ್ನು ಹೇಳುತ್ತೇನೆ.

ಡಾಕ್ಟರ್ ವೆನ್ನರ್‌ಹೋಲ್ಮ್ ನನ್ನ ಕೆಳಗಿನ ಹಲ್ಲುಸಾಲನ್ನು ಪೂರ್ತಿ ಬಿಚ್ಚಿ ತಟ್ಟೆಯಲ್ಲಿಟ್ಟರು. ಅದನ್ನು ಹಿಡಿದಿಡಲು ಹತ್ತು ವರ್ಷದ ಹಿಂದೆ ದವಡೆಯ ಮೂಳೆಗೆ ಕೂರಿಸಿದ್ದ ತಿರುಪುಗಳು ಮಾತ್ರ ಉಳಿದವು. ಒಂದೊಂದನ್ನೂ ಉಕ್ಕಿನ ಕಡ್ಡಿಯ ಹಿಡಿಯಿಂದ ತಟ್ಟಿ ಕಿವಿಗೊಟ್ಟರು. ಮೂಳೆ ಕಚ್ಚಿಕೊಂಡಿದ್ದರೆ ಸಣ್ಣ ಗಂಟೆಯ ಹಾಗೆ ಸದ್ದು ಬರುತ್ತದೆ, ಬಿಟ್ಟಿದ್ದರೆ ಹಸಿ ಮರ ತಟ್ಟಿದ ಹಾಗೆ. ಇದು ನನಗೂ ಕೇಳಿಸುತ್ತದೆ, ನನ್ನ ತಲೆಬುರುಡೆಯೊಳಗೇ ಆಗುವುದಲ್ಲವೇ. ಆ ಹೊತ್ತಿನಲ್ಲಿ ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ. ಆರು ಹಾಕಿದ್ದರು. ಒಂದು ಮೊದಲ ವರ್ಷವೇ ಮೂಳೆಗೆ ಹಿಡಿಯದೆ ಹೊರಗೆ ಬಂದಿತ್ತು, ಅದು ನಿನಗೆ ಗೊತ್ತು. ಉಳಿದ ಐದೂ ಗಂಟೆಯ ಹಾಗೆ ನುಡಿದವು. ಎಕ್ಸ್‌ರೇ ನೋಡಿ, ಮೊದಲ ವರ್ಷ ಮೂಳೆ ಒಂದಿಷ್ಟು ಇಳಿದದ್ದು ನಿಜ, ಆಮೇಲೆ ನಿಂತುಬಿಟ್ಟಿದೆ, ಐದೇ ಸಾಕು ಎಂದರು.

ತೊಂದರೆ ಏನಾದರೂ ಇದೆಯೇ ಎಂದು ಕೇಳಿದರು. ನಾನು ಎಂದಿನಂತೆ, "ಚೆನ್ನಾಗಿದೆ, ದೇವರ ದಯೆ" ಎಂದೆ.

"ನೀವು ದ್ವೀಪದೋರು ತಲೆ ಕೆಳಗೆ ಬಿದ್ರೂ ಚೆನ್ನಾಗಿದೀನಿ ಅಂತೀರ" ಎಂದು ನಕ್ಕರು. "ಸರಿಯಾಗಿ ಹೇಳಿ ತಾಯಿ, ನಾನು ಪಾದ್ರಿ ಅಲ್ಲ."

ಆಗ ಹೇಳಿದೆ. ಗಲ್ಲದ ಎಡಗಡೆ ಒಂದು ನಾಣ್ಯದಷ್ಟು ಜಾಗಕ್ಕೆ ಇನ್ನೂ ಸ್ಪರ್ಶವಿಲ್ಲ. ಚಳಿಗಾಲದಲ್ಲಿ ಒಸಡು ಒಂದೆರಡು ಸಲ ಊದಿತ್ತು. ಪ್ರತಿ ರಾತ್ರಿ ಹಲ್ಲುಸಾಲಿನ ಅಡಿಗೆ ಸಣ್ಣ ಬ್ರಷ್ ತೂರಿಸಿ ಉಜ್ಜಬೇಕು, ಬೇಜಾರಾಗುತ್ತದೆ. ನಿನಗೂ ಇದೇ ಆಗುತ್ತದೆ, ಮುಚ್ಚಿಡುವುದಿಲ್ಲ. ಆದರೆ ಡಾಗ್ನಿ, ನಾನು ಒಣರೊಟ್ಟಿ ಮುರಿದು ತಿನ್ನುತ್ತೇನೆ. ಏಡಿಯ ಕಾಲು ಕಚ್ಚುತ್ತೇನೆ. ಓದುವ ಕೂಟದಲ್ಲಿ ಪ್ರಸಂಗವನ್ನು ಗಟ್ಟಿಯಾಗಿ ಓದುತ್ತೇನೆ, ಹಲ್ಲು ನಾಲಿಗೆಯ ಮೇಲೆ ಬಂದು ಕೂರುವುದಿಲ್ಲ. ನೀನು ಅಮ್ಮನ ಮಣ್ಣಿನ ದಿನ ಕೀರ್ತನೆ ಹಾಡದೆ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಅದು ನನ್ನ ಕಣ್ಣಿಂದ ಹೋಗಿಲ್ಲ.

ಈಗ ಅಪ್ಪ ಕೋಲಿನಿಂದ ಗೋಡೆ ಬಡಿದರು. ಎದ್ದು ಹೋಗಿ ಬಂದೆ. ನೀರು ಬೇಕಿರಲಿಲ್ಲ, ದಿಂಬು ಸರಿಮಾಡಬೇಕಿರಲಿಲ್ಲ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕೇಳಿದರು. ಪಶ್ಚಿಮದಿಂದ ಎಂದೆ. ಮತ್ತೆ ಕೂತರೆ ಪೆನ್ನು ಹಿಡಿದು ಕಿಟಕಿ ನೋಡುವುದೇ ಆಗಿದೆ. ಕೋಳಿಗೂಡಿನ ಬಾಗಿಲು ಬಡಿಯುತ್ತಿತ್ತು, ಅದನ್ನೂ ಹೋಗಿ ಹಾಕಿ ಬಂದೆ. ಹಸಿವಿಗೆ ಹೀಗಾಗುತ್ತಿದೆ ಎಂದುಕೊಳ್ಳುತ್ತೇನೆ, ಆದರೆ ಹಸಿವಲ್ಲ.

ಮುಖ್ಯ ವಿಷಯ ಬರೆಯುತ್ತೇನೆ. ಚಳಿಗಾಲಕ್ಕೆ ಮುಂಚೆ ನಿನ್ನ ದವಡೆಯ ಚಿತ್ರ ತೆಗೆದಿದ್ದರಲ್ಲ, ನೀನು ಒಪ್ಪಿಗೆ ಕೊಟ್ಟಿದ್ದರಿಂದ ಡಾಕ್ಟರು ಅದನ್ನು ನನ್ನದರ ಪಕ್ಕದಲ್ಲಿ ದೀಪಕ್ಕೆ ಹಿಡಿದು ತೋರಿಸಿದರು. ನಿನ್ನದು ತುಂಬಾ ತೆಳ್ಳಗಾಗಿದೆ. ಸಡಿಲ ಹಲ್ಲುಸೆಟ್ಟು ಇಷ್ಟು ವರ್ಷ ಮೇಲೆ ಕೂತು ಒತ್ತಿ ಒತ್ತಿ ಮೂಳೆ ಸವೆದಿದೆ. "ಮುಂದುಗಡೆ ಇನ್ನೂ ಜಾಗ ಇದೆ. ಆದ್ರೆ ಕಾಯ್ತಾ ಕೂತ್ರೆ ತಿರುಪು ಹಿಡಿಯೋಕೆ ಮೂಳೇನೇ ಇರಲ್ಲ. ಆಗ ನಾನೇ ಬೇಡ ಅನ್ಬೇಕಾಗುತ್ತೆ" ಎಂದರು. ಏಪ್ರಿಲ್ ಇಪ್ಪತ್ತನೇ ತಾರೀಖು ನಿನಗಾಗಿ ತೆಗೆದಿಟ್ಟಿದ್ದಾರೆ. ಬರುತ್ತೀಯೋ ಇಲ್ಲವೋ ಎಂದು ಈಸ್ಟರ್ ಹಬ್ಬ ಕಳೆದು ಒಂದು ವಾರದೊಳಗೆ ತಿಳಿಸಬೇಕು. ಇಲ್ಲದಿದ್ದರೆ ಆ ದಿನ ಬೇರೆಯವರಿಗೆ ಹೋಗುತ್ತದೆ.

ನರ್ಸ್ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಅವಳು ನಮ್ಮಿಬ್ಬರ ಚಿತ್ರವನ್ನೂ ಜೊತೆಗಿದ್ದ ವಿವರದ ಹಾಳೆಯನ್ನೂ ನೋಡಿ, "ಹದಿನಾಲ್ಕು ವರ್ಷಕ್ಕೇ ಎಲ್ಲಾ ಕಿತ್ಸಿದ್ರಾ? ಏನಾಗಿತ್ತು?" ಎಂದು ಕೇಳಿದಳು.

"ದೃಢೀಕರಣದ ಉಡುಗೊರೆ" ಎಂದೆ. ಅವಳು ತಮಾಷೆ ಎಂದುಕೊಂಡಳು. ನಮ್ಮ ಕಾಲದಲ್ಲಿ ಹುಡುಗಿ ದೃಢೀಕರಣವಾಗಿ ಚರ್ಚಿನ ಸಭೆಗೆ ಸೇರುವಾಗ, ಕೈಲಾದ ಮನೆಯವರು ಅವಳ ಹಲ್ಲು ಪೂರ್ತಿ ಕೀಳಿಸಿ ಹೊಸದು ಕಟ್ಟಿಸಿಕೊಡುತ್ತಿದ್ದರು, ಮುಂದೆ ಗಂಡನಿಗೆ ಖರ್ಚಾಗದಿರಲಿ ಎಂದು, ಅಂದೆ. ಅವಳ ನಗು ನಿಂತುಹೋಯಿತು. ಡಾಕ್ಟರು ಮಾತ್ರ, "ನಿಮ್ದು ಹುಳುಕಾಗಿರ್ಬಹುದು. ತಂಗೀದೂ ಅಷ್ಟೇ ಕೆಟ್ಟಿತ್ತಾ?" ಎಂದರು. ಗೊತ್ತಿಲ್ಲ, ಮನೆಯಲ್ಲಿ ಕೇಳುತ್ತೇನೆ ಎಂದೆ.

ಟೂರೆ ನಿನಗೆ ಒಣಮೀನು ಕಟ್ಟಿಟ್ಟಿದ್ದಾರೆ. ತಿನ್ನಲಾರಳು ಎಂದು ನಾನಂದರೆ, "ಮುಂದಿನ ವರ್ಷ ತಿಂತಾಳೆ ಬಿಡು" ಎನ್ನುತ್ತಾರೆ. ಶಿಲುಬೆಯಲ್ಲಿ ನಮ್ಮ ನೋವನ್ನೆಲ್ಲ ಹೊತ್ತವನು ನಿನ್ನ ಮೈಮನಸ್ಸನ್ನು ಕಾಯಲಿ. ಹಬ್ಬದ ಬೆಳಗು ನಿನ್ನ ಕೋಣೆಗೂ ಬರಲಿ.

ನಿನ್ನ ಅಕ್ಕ,
ಗುನ್ವೊರ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಇದಕ್ಕೇ ಎರಡು ವಾರ ತಡವಾದದ್ದು.

ಕ್ಲಿನಿಕ್‌ನಿಂದ ಬಂದ ಸಂಜೆ ಅಪ್ಪನಿಗೆ ಗಂಜಿ ಕುಡಿಸುತ್ತಾ, "ಅಪ್ಪಾ, ಡಾಗ್ನಿ ಹಲ್ಲು ಹೇಗಿದ್ವು?" ಎಂದು ಕೇಳಿದೆ.

"ಚೆನ್ನಾಗಿದ್ವು" ಎಂದರು, ಸಮುದ್ರ ಹೇಗಿದೆ ಎಂದು ಹೇಳುವ ಹಾಗೆ. "ಒಂದೂ ಹುಳುಕಿರ್ಲಿಲ್ಲ. ಹಲ್ಲಿನ ಡಾಕ್ಟ್ರು ಬೇಡ ಅಂತ್ಲೇ ಅಂದ. ನಾನೇ ಬಿಡ್ಲಿಲ್ಲ."

"ಯಾಕಪ್ಪಾ?"

"ನಿನಗೆ ಕೊಡಿಸಿದ್ದೆನಲ್ಲ. ಅಕ್ಕನಿಗೆ ಕೊಟ್ಟು ತಂಗಿಗೆ ಕೊಡ್ದೆ ಇದ್ರೆ ಭೇದ ಮಾಡ್ದ ಹಾಗಾಗಲ್ವಾ? ಇಬ್ರೂ ನನಗೆ ಒಂದೇ." ಇನ್ನೊಂದು ಗುಟುಕು ಗಂಜಿ ಕುಡಿದು, "ನೀನು ನನ್ನ ಕೈ ಹಿಡ್ದು ಉಪಕಾರ ಆಯ್ತಪ್ಪ ಅಂದೆ. ಅವಳು ಅನ್ಲೇ ಇಲ್ಲ. ಈಗಾದ್ರೂ ಬಂದು ಅಂತಾಳಾ, ಕೇಳಿ ಬರಿ" ಎಂದರು.

ನೀನು ಆಗಲೇ ಹೇಳಿದ್ದೆ, ನನಗೆ ಎಲ್ಲೂ ನೋವಿಲ್ಲ ಎಂದು. ಹೆದರಿಕೆಗೆ ಸುಳ್ಳು ಹೇಳುತ್ತಾಳೆ ಎಂದು ಅಮ್ಮ ಪಾದ್ರಿಗಳ ಹತ್ತಿರ ಕರೆದುಕೊಂಡು ಹೋಗಿದ್ದರು. ಅವರು ನಿನ್ನನ್ನು ನಿಲ್ಲಿಸಿ, ಸುಳ್ಳುಸಾಕ್ಷಿ ಹೇಳಬಾರದು ಎಂಬ ಎಂಟನೆಯ ಆಜ್ಞೆ ಹೇಳಿಸಿದರು. ನೀನು ಸುಳ್ಳು ಹೇಳಿರಲಿಲ್ಲ, ಡಾಗ್ನಿ. ನಿನಗೆ ನೋವಿರಲಿಲ್ಲ.

ಗಂಜಿ ಕುಡಿಸಿದ ಆ ಸಂಜೆಯಿಂದ ಅಪ್ಪನ ಮೈ ಒರೆಸುವಾಗ ನನ್ನ ಕೈ ಒರಟಾಗುತ್ತದೆ. ಕರ್ತನ ಪ್ರಾರ್ಥನೆ ಅರ್ಧಕ್ಕೆ, ಕ್ಷಮಿಸುವ ಮಾತಿನ ಹತ್ತಿರ, ಬಂದು ನಿಲ್ಲುತ್ತದೆ. ಉಪಕಾರ ಹೇಳಲು ಬಾ ಎಂದು ನಾನು ಬರೆಯಲಾರೆ. ಅಪ್ಪ ಕೇಳಿದರು, ನಿನಗೆ ತಿಳಿಸಿದೆ, ಅಷ್ಟೇ. ಇಪ್ಪತ್ತನೇ ತಾರೀಖಿಗೆ ಬಾ. ಡಾಕ್ಟರು ಬಾಯಿ ತೆರೆಯಲು ಹೇಳಿದಾಗ ನಾನು ನಿನ್ನ ಪಕ್ಕದಲ್ಲಿರುತ್ತೇನೆ. ಈ ಸಲ ನೋವಿದೆ ಎಂದು ನೀನು ಹೇಳಿದರೆ ಇದೆ, ಇಲ್ಲ ಎಂದರೆ ಇಲ್ಲ, ಬೇಡ ಎಂದರೆ ಬೇಡ.

ಹಬ್ಬದ ನಂತರ ಮಂಗಳವಾರ ಬರುವ ಅಂಚೆ ದೋಣಿಯಲ್ಲಿ ಈ ಪತ್ರ ಹೋಗುತ್ತದೆ. ಅಪ್ಪನನ್ನು ಬಿಟ್ಟು ನಾನು ದಿನಾ ದಕ್ಕೆಗೆ ಹೋಗುವ ಹಾಗಿಲ್ಲ. ಮಾರನೆಯ ದಿನದಿಂದ ದೋಣಿ ಬರುವ ಹೊತ್ತಿಗೆ ಹೋಗಿ ನಿಂತು ನಿನ್ನ ಉತ್ತರ ತರಬೇಕೆಂದು ಟೂರೆಗೆ ಹೇಳಿದ್ದೇನೆ. ಅಪ್ಪನ ಕೋಣೆಗೆ ಹೋಗಬೇಡಿ, ನೇರ ಅಡುಗೆಮನೆಗೆ ಬಂದು ನನ್ನ ಕೈಗೇ ಕೊಡಿ ಎಂದಿದ್ದೇನೆ.