ಕಾರಿನ ಹಿಂದಿನ ಕೆಂಪು ಅಕ್ಷರ

ಪ್ರಿಯ ಗುಲ್ವೆನ್,

ಈ ಕಾಗದವನ್ನು ನರ್ಸ್ ಗಟ್ಟಿಯಾಗಿ ಓದಲಿ, ವಾರ್ಡಿನವರೆಲ್ಲ ಕೇಳಿಸಿಕೊಳ್ಳಲಿ. ಅರವತ್ತೆರಡನೇ ವಯಸ್ಸಿನಲ್ಲಿ ನಿನ್ನ ಹೆಂಡತಿಗೆ ಡ್ರೈವಿಂಗ್ ಲೈಸೆನ್ಸ್ ಬಂದಿದೆ, ಅದೂ ಮೊದಲ ಸಲಕ್ಕೇ!

ನಿನ್ನ ಕಣ್ಣು ಹೋದರೂ ಬೇಸಿಗೆಯ ಪ್ರವಾಸ ನಿಲ್ಲುವುದಿಲ್ಲ. ಮೊದಲು ದಿನಾನ್ ಊರಿನ ಹಳೇ ಕೋಟೆ, ಆಮೇಲೆ ಕಡಲ ಪಕ್ಕದಲ್ಲೇ ರೋಸ್ಕೋಫ್‌ವರೆಗೆ. ನಲವತ್ತು ವರ್ಷ ನಕ್ಷೆ ಹಿಡಿದು ಪಕ್ಕದಲ್ಲಿ ಕೂತವಳಿಗೆ ಪ್ರತಿ ತಿರುವೂ ಬಾಯಿಪಾಠ. "ಬೇಗ ಹೇಳೇ, ಎಡಕ್ಕೋ ಬಲಕ್ಕೋ?" ಎಂದು ರೇಗುತ್ತಿದ್ದೆಯಲ್ಲ, ಈ ಸಲ ಸುಮ್ಮನೆ ಕೂತು ಬಾ.

ಹೊಸ ಡ್ರೈವರುಗಳು ಕಾರಿನ ಹಿಂದೆ ಕೆಂಪು ‘ಎ’ ಅಂಟಿಸಲೇಬೇಕು. ಮಗಳು, "ಈ ವಯಸ್ಸಲ್ಲಿ ನಾಚ್ಕೆ ಆಗಲ್ವೇನಮ್ಮಾ?" ಎಂದಳು. ನಾಚಿಕೆಯೇ? ನೀನು ಮನೆಗೆ ಬರಲಿ ಎಂದೇ ಅದನ್ನು ಎತ್ತಿಟ್ಟಿದ್ದೇನೆ. ಕೈಯಲ್ಲಿ ತಡವಿ ನೀನೇ ಅಂಟಿಸು. ಓರೆಯಾದರೆ ಆಗಲಿ; ನಾವು ಹಿಂದೆ ಹಾಕಿದವರು ತಾನೇ ಅದನ್ನು ನೋಡುವುದು!

ನಿನ್ನ ಡ್ರೈವರ್,
ಅನೈಗ್